ಮೆಲ್ಲಗೆ ಕೇಳೋಕೆ ಯಾವ ಬಾಕ್ಸ್ ಒಳ್ಳೇದು?

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಒಂದೇ ದೂರು. ಸ್ಪೀಕರ್ ಬಾಕ್ಸಿನಲ್ಲಿ ಹಾಡು ಜೋರಾಗಿ ಹಾಕಿದರೆ ಚೆಂದ, ಮೆಲ್ಲಗೆ ಹಾಕಿದರೆ ಉಪ್ಪಿಲ್ಲದ ಸಾರು. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇದನ್ನೇ ಹಿಡಿದು ಕೂತಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಕಡೆಯ ಪತ್ರಗಳೇ ಜಾಸ್ತಿ. ನಾನೂ ದಾವಣಗೆರೆಯವನೇ, ಯಾರ ಹೆಸರನ್ನೂ ಹಾಕಿಲ್ಲ. ನಾಳೆ ಬೆಣ್ಣೆ ದೋಸೆ ಹೋಟೆಲಿನಲ್ಲಿ ಎದುರುಬದುರು ಕೂತರೆ ಇಬ್ಬರಿಗೂ ಮುಜುಗರ ಬೇಡ ಅಲ್ವಾ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 66, ಮನೆ ದಾವಣಗೆರೆ ವಿದ್ಯಾನಗರ. ಹಾಡು ಕೇಳೋಕೆ ಬಿಡುವು ಸಿಗೋದು ರಾತ್ರಿ ಹತ್ತರ ಮೇಲೆ. ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಪರೀಕ್ಷೆಗೆ ಓದುತ್ತಿರುತ್ತಾಳೆ. ಎರಡು ವರ್ಷದ ಹಿಂದೆ ಮಗ ಸೊಂಟದೆತ್ತರದ ಎರಡು ಬಾಕ್ಸ್, ಒಂದು ಆಂಪ್ಲಿಫೈಯರ್ ತಂದುಕೊಟ್ಟ. ಜೋರಾಗಿ ಹಾಕಿದರೆ ಕಿಟಕಿ ನಡುಗುತ್ತದೆ. ಮೆಲ್ಲಗೆ ಇಟ್ಟರೆ ತಬಲಾದ ಡಗ್ಗಾ ಮಾಯ, ಹಾಡುವವರು ಹಿತ್ತಲಲ್ಲಿ ನಿಂತು ಹಾಡಿದ ಹಾಗೆ. ನಮ್ಮ ಅಪ್ಪನ ವಾಲ್ವ್ ರೇಡಿಯೋ ಗೋಡೆ ಗೂಡಿನಲ್ಲಿ ಕೂತು ಎಷ್ಟು ಸಣ್ಣಗೆ ಭದ್ರಾವತಿ ಸ್ಟೇಷನ್ ಹಾಡಿದರೂ ಮನೆ ತುಂಬಿದಂತಿತ್ತು. 40 ಸಾವಿರದೊಳಗೆ ಯಾವ ಬಾಕ್ಸ್ ತಗೊಳ್ಳಲಿ?

ಉತ್ತರ: ಇರೋ ಬಾಕ್ಸ್ ಮಾರಬೇಡಿ ಮೇಷ್ಟ್ರೇ. ತಪ್ಪು ಅವುಗಳದ್ದಲ್ಲ, ಕಿವಿಯದ್ದು. ನಿಮ್ಮ ಕಿವಿಯದ್ದು ಮಾತ್ರ ಅಲ್ಲ. ನನ್ನದೂ ಹಾಗೇ, ಮೊಮ್ಮಗಳದ್ದೂ ಹಾಗೇ.

1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಜನರ ಕಿವಿಗೆ ಹೆಡ್‌ಫೋನ್ ಹಾಕಿ, ಬೇರೆ ಬೇರೆ ಶ್ರುತಿಯ ಸದ್ದು ಕೇಳಿಸಿ, ಯಾವುದಕ್ಕೆ ಯಾವುದು ಸಮನಾಗಿ ಕೇಳುತ್ತದೆ ಅಂತ ಗುರುತು ಹಾಕಿಕೊಂಡರು. ಮನುಷ್ಯರ ಕಿವಿ ಎಲ್ಲಾ ಸ್ವರವನ್ನೂ ಒಂದೇ ತಕ್ಕಡಿಯಲ್ಲಿ ತೂಗೋದಿಲ್ಲ ಅಂತ ಗೊತ್ತಾಯಿತು. ಆಮೇಲೆ ಆ ಗೆರೆಗಳನ್ನು ಎಷ್ಟೋ ಸಲ ತಿದ್ದಿದ್ದಾರೆ. ಈಗ ಐಎಸ್ಒ 226 ಅನ್ನೋ ಮಾನದಂಡದಲ್ಲಿ ಅವು ಇವೆ. ಹರ್ಟ್ಜ್ ಅಂದರೆ ಶ್ರುತಿಯ ಅಳತೆ, ಕಡಿಮೆ ಆದಷ್ಟೂ ದನಿ ದಪ್ಪ. ಡೆಸಿಬಲ್ ಅಂದರೆ ಜೋರಿನ ಅಳತೆ. ಅದರ ಪ್ರಕಾರ 1000 ಹರ್ಟ್ಜ್‌ನ ಸದ್ದು 40 ಡೆಸಿಬಲ್‌ನಲ್ಲಿ ಎಷ್ಟು ಕೇಳುತ್ತದೋ ಅಷ್ಟೇ ಕೇಳಬೇಕಾದರೆ 100 ಹರ್ಟ್ಜ್‌ನದ್ದು ಸುಮಾರು 64 ಡೆಸಿಬಲ್ ಇರಬೇಕು. 50 ಹರ್ಟ್ಜ್ ಆದರೆ 78ರ ಹತ್ತಿರ. ಸದ್ದು ಜೋರಾದಂತೆ ಈ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. ಅಂದರೆ ನೀವು ವಾಲ್ಯೂಮ್ ಇಳಿಸಿದಾಗ ಯಂತ್ರ ಎಲ್ಲವನ್ನೂ ಸಮನಾಗಿಯೇ ಇಳಿಸುತ್ತದೆ, ಕಿವಿ ಮಾತ್ರ ಬೇಸನ್ನು, ಅಂದರೆ ಕೆಳಗಿನ ದಪ್ಪ ಸ್ವರಗಳನ್ನು, ಇನ್ನೂ ಜಾಸ್ತಿ ಇಳಿಸಿಬಿಡುತ್ತದೆ. ಡಗ್ಗಾ, ತಂಬೂರಿಯ ಖರಜದ ತಂತಿ, ಗಂಡುದನಿಯ ಎದೆಭಾಗ ಎಲ್ಲ ಆ ಕೆಳಗಿನ ಸೀಮೆಯವು. ಅವು ಮೊದಲು ಎದ್ದು ಹೋಗುತ್ತವೆ. ಉಳಿಯೋದು 2000ದಿಂದ 5000 ಹರ್ಟ್ಜ್‌ವರೆಗಿನದ್ದು, ಕಿವಿಗೆ ಎಲ್ಲಕ್ಕಿಂತ ಚುರುಕಾಗಿ ಕೇಳೋ ಭಾಗ. ಹಾಡುವವರು ಹಿತ್ತಲಿಗೆ ಹೋಗಿದ್ದು ಹೀಗೆ.

ಇನ್ನು ನಿಮ್ಮ ಅಪ್ಪನ ರೇಡಿಯೋ. ನಾನು ಹುಡುಗನಾಗಿದ್ದಾಗ ಚೌಕಿಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಬೇಸಿಗೆ ರಜೆ ಕಳೆದವನು, ಅಂಥ ಎಷ್ಟೋ ರೇಡಿಯೋಗಳ ಹೊಟ್ಟೆ ನೋಡಿದ್ದೇನೆ. ಸಾಮಾನ್ಯವಾಗಿ ವಾಲ್ಯೂಮ್ ಕಂಟ್ರೋಲಿಗೆ ಮೂರು ಕಾಲು, ಅಂದರೆ ತಂತಿ ಬೆಸೆಯೋ ಕಡ್ಡಿಗಳು. ಆ ಕಾಲದ ಒಳ್ಳೇ ರೇಡಿಯೋಗಳಲ್ಲಿ ನಾಲ್ಕನೆಯದೊಂದು ಇರುತ್ತಿತ್ತು. ಅಲ್ಲಿಂದ ಒಂದು ಕಂಡೆನ್ಸರ್, ಒಂದು ರೆಸಿಸ್ಟರ್. ಸದ್ದು ಇಳಿಸಿದಂತೆಲ್ಲ ಅದು ತಾನೇ ಬೇಸನ್ನು ಹಿಡಿದು ನಿಲ್ಲಿಸುತ್ತಿತ್ತು. ನಾಲ್ಕಾಣೆ ಬೆಲೆಯ ಜಾಣತನ. ಅದರ ಮೇಲೆ ಮರದ ಪೆಟ್ಟಿಗೆ, ದೊಡ್ಡ ಕಾಗದದ ಕೋನು, ಮೂರು ಕಡೆ ಗೋಡೆ ಇರೋ ಗೂಡು. ಗೋಡೆ ಹತ್ತಿರ ಇದ್ದಷ್ಟೂ ಬೇಸ್ ಏರುತ್ತದೆ. ಇನ್ನೊಂದು ಮಾತು, ಆಗ ನಿಮ್ಮ ಮನೆಯಲ್ಲಿ ಸೀಲಿಂಗ್ ಫ್ಯಾನ್ ಇತ್ತಾ?

ಫ್ಯಾನ್ ವಿಷಯವನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ನಮ್ಮ ಊರಿನ ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆರಿಸಿ ಅನ್ನೋಕೆ ನನಗೂ ಬಾಯಿ ಬರೋದಿಲ್ಲ. ಆದರೂ ಒಂದು ರಾತ್ರಿ ಪ್ರಯೋಗ ಮಾಡಿ. ಫ್ಯಾನ್ ಐದರಲ್ಲಿ ಇಟ್ಟು ಒಂದು ಆಲಾಪ ಕೇಳಿ, ಆಮೇಲೆ ಎರಡಕ್ಕೆ ಇಳಿಸಿ ಅದನ್ನೇ ಕೇಳಿ. ನನ್ನ ಕೋಣೆಯಲ್ಲಿ ಫೋನಿನ ಆ್ಯಪ್ ಹಿಡಿದು ನೋಡಿದರೆ ಐದರಲ್ಲಿ 50 ಡೆಸಿಬಲ್ ದಾಟುತ್ತದೆ. ನೀವು ಹಾಡನ್ನೇ 55ರಲ್ಲಿ ಇಟ್ಟಿರುತ್ತೀರಿ. ಇನ್ನು ಮೀಂಡು, ಉಸಿರು, ತಂತಿಯ ಕೊನೆಯ ಝೇಂಕಾರ ಎಲ್ಲಿ ಕೇಳಬೇಕು? ಅವೆಲ್ಲ ಫ್ಯಾನಿನ ಗಾಳಿಯಲ್ಲಿ ಹಾರಿಹೋದವು. ಹೊಸ ಬಾಕ್ಸಿಗೆ 40 ಸಾವಿರ ಹಾಕೋ ಮೊದಲು ಗಡಗಡ ಅನ್ನೋ ಹಳೇ ಫ್ಯಾನ್ ಬದಲಾಯಿಸಿದರೂ ಲಾಭವೇ.

ಆಮೇಲೆ ಹತ್ತಿರ ಬನ್ನಿ. ನಾನು ಈ ಅಂಕಣದಲ್ಲಿ ಒಂದೇ ಒಂದು ಸಲಹೆ ಕೊಡಬೇಕು ಅಂದರೆ ಇದನ್ನೇ ಕೊಡುತ್ತೇನೆ. ನಮ್ಮ ಮನೆಗಳಲ್ಲಿ ಬಾಕ್ಸ್ ಒಂದು ಗೋಡೆಗೆ, ಸೋಫಾ ಎದುರು ಗೋಡೆಗೆ, ನಡುವೆ ಹತ್ತು ಹನ್ನೆರಡು ಅಡಿ ಖಾಲಿ ಟೈಲ್ಸು. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಕೂತ ಹಾಗೆ. ಬಯಲಿನಲ್ಲಿ ದೂರ ಅರ್ಧ ಮಾಡಿದರೆ ಸದ್ದು 6 ಡೆಸಿಬಲ್ ಏರುತ್ತದೆ, ಕೋಣೆಯೊಳಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಹನ್ನೆರಡು ಅಡಿಯಿಂದ ನಾಲ್ಕು ಅಡಿಗೆ ಬಂದರೆ ನಿಮ್ಮ ಕಿವಿಗೆ ಜೋರು, ಮೊಮ್ಮಗಳ ಕೋಣೆಗೆ ಮೊದಲಿನಷ್ಟೇ. ಗೋಡೆಗೆ ಬಡಿದು ಬರೋ ಮೊಳಗಿಗಿಂತ ಬಾಕ್ಸಿನಿಂದ ನೇರವಾಗಿ ಬರೋದೇ ಜಾಸ್ತಿ ಆಗುತ್ತದೆ, ಸಾಹಿತ್ಯ ಬಿಡಿಬಿಡಿಯಾಗಿ ಕೇಳುತ್ತದೆ. ಟ್ವೀಟರ್, ಅಂದರೆ ಆ ಸಣ್ಣ ಗುಂಡು, ಕಿವಿಯ ಮಟ್ಟಕ್ಕೆ ಇರಲಿ. ನಿಮ್ಮ ಕುರ್ಚಿ, ಎರಡು ಬಾಕ್ಸು, ಮೂರೂ ಸೇರಿ ಸಮತ್ರಿಕೋನ. ಮೇಷ್ಟ್ರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರಿಗೋಡೆ ಇದ್ದರೆ ಒಂದು ಕೌದಿ ನೇತುಹಾಕಿ, ಕೆಳಗೆ ಜಮಖಾನ ಹಾಸಿ. ಅಜ್ಜಿ ಹೊಲಿದ ಕೌದಿ ಅಟ್ಟದಲ್ಲಿ ಸುಮ್ನೆ ಬಿದ್ದಿರುತ್ತದಲ್ಲ, ಅದೇ ಸಾಕು. ಅಂಗಡಿಯವರು ಫೋಮ್ ಹಲಗೆ ಮಾರೋಕೆ ಬರುತ್ತಾರೆ, ಬೇಡ.

ಇಷ್ಟಾದ ಮೇಲೂ ಮನಸ್ಸು ತುಂಬದಿದ್ದರೆ ಆಗ ದುಡ್ಡು ಬಿಚ್ಚಿ. ಆಗಲೂ ಬಾಕ್ಸಿಗೆ ಅಲ್ಲ, ಆಂಪ್ಲಿಫೈಯರಿಗೆ. ಲೌಡ್‌ನೆಸ್ ತಿರುಪು ಇರೋದು ತಗೊಳ್ಳಿ. ಅದರ ವಿಷಯ ಮುಂದಿನ ಪತ್ರದಲ್ಲಿದೆ. ಬಾಕ್ಸೇ ಬೇಕು ಅನ್ನಿಸಿದರೆ ಐದರಿಂದ ಆರೂವರೆ ಇಂಚಿನ ವೂಫರ್, ಅಂದರೆ ಬೇಸ್ ನುಡಿಸೋ ದೊಡ್ಡ ಗುಂಡು ಇರೋ, ಸ್ಟ್ಯಾಂಡ್ ಮೇಲೆ ಇಡೋ ಜೋಡಿ ನೋಡಿ. ಮೂರು ನಾಲ್ಕು ಇಂಚಿನವು ಹತ್ತಿರದಿಂದ ಮಾತು ಚೆನ್ನಾಗಿ ಆಡುತ್ತವೆ, ಆದರೆ ಕಿವಿ ಕಳೆದುಕೊಂಡ ಬೇಸನ್ನು ತುಂಬಿಕೊಡೋಕೆ ಅವುಗಳ ಹತ್ತಿರ ಬೇಸೇ ಇರೋದಿಲ್ಲ. ಆಂಪ್ ಒಳಗೇ ಇರೋ ಆಕ್ಟಿವ್ ಬಾಕ್ಸ್ ಆದರೆ ಕೊಳ್ಳೋ ಮೊದಲು ಹಾಡಿಲ್ಲದೆ ಸುಮ್ನೆ ಆನ್ ಮಾಡಿಸಿ, ಮೂರು ಅಡಿಯಲ್ಲಿ ಕಿವಿ ಇಟ್ಟು ನೋಡಿ. ಕೆಲವು ಸುಯ್ ಅನ್ನುತ್ತಿರುತ್ತವೆ. ಜೋರಾಗಿ ಕೇಳುವವರಿಗೆ ಅದು ಗೊತ್ತೇ ಆಗೋದಿಲ್ಲ, ನಿಮ್ಮ ಮಧ್ಯರಾತ್ರಿ ಆಲಾಪದ ನಡುವೆ ಅದೇ ಕೇಳುತ್ತದೆ.

ಪಿ.ಬಿ. ರಸ್ತೆಯ ಅಂಗಡಿಯಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ಬಾಕ್ಸ್ ತೋರಿಸುವಾಗ ಜೋರಾಗಿಯೇ ಹಾಕುತ್ತಾರೆ. ಎರಡು ಬಾಕ್ಸಿನಲ್ಲಿ ಒಂದು ಚೂರೇ ಚೂರು ಜೋರಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ, ವ್ಯಾಪಾರ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ನೀವು ನಿಮ್ಮದೇ ಹಾಡು ಫೋನಿನಲ್ಲಿ ಹಾಕಿಕೊಂಡು ಹೋಗಿ. ಪಕ್ಕದವರ ಜೊತೆ ದನಿ ಏರಿಸದೆ ಮಾತಾಡುವಷ್ಟು ಮೆಲ್ಲಗೆ ಇಡಿಸಿ. ಆಗಲೂ ತಬಲಾದ ಬಲಗೈ ಎಡಗೈ ಬೇರೆ ಬೇರೆ ಗೊತ್ತಾಗುತ್ತದಾ, ಹಾಡಿನ ಮಾತು ಪೂರ್ತಿ ತಿಳಿಯುತ್ತದಾ ನೋಡಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಹೋಗಿ, ಸಂಜೆ ಅಲ್ಲಿ ನಿಮ್ಮ ದನಿ ನಿಮಗೇ ಕೇಳೋದಿಲ್ಲ.

ಒಂದು ಮಾತು ಬೇಜಾರು ಮಾಡಿಕೊಳ್ಳದೆ ಕೇಳಿ. ವಯಸ್ಸಾದಂತೆ ಮೇಲಿನ ಸ್ವರಗಳು ಕಿವಿಗೆ ಮಂಕಾಗುತ್ತವೆ, ಅದು ಎಲ್ಲರಿಗೂ ಇದ್ದದ್ದೇ. ಟ್ರೆಬಲ್ ಒಂದೆರಡು ಗೆರೆ ಏರಿಸಿಕೊಳ್ಳಿ. ಮೊಮ್ಮಗಳು ಚುಚ್ಚುತ್ತದೆ ಅಂದರೆ ಅದು ಅವಳ ಕಿವಿಗೆ. ಕೇಳುಗರು ನೀವು ತಾನೇ?

ಪ್ರಶ್ನೆ: ಚಿತ್ರದುರ್ಗ, ಜೋಗಿಮಟ್ಟಿ ರಸ್ತೆಯಿಂದ ಬರೆಯುತ್ತಿದ್ದೇನೆ. ಹಳೇ ಆಂಪ್‌ನಲ್ಲಿ ಲೌಡ್‌ನೆಸ್ ಬಟನ್ ಇದೆ. ಒತ್ತಿದರೆ ಮೆಲ್ಲಗಿನ ಹಾಡಿಗೂ ಜೀವ ಬರುತ್ತದೆ. ಆದರೆ ಎಂಜಿನಿಯರಿಂಗ್ ಓದೋ ಮಗ ಅದನ್ನು ಮುಟ್ಟಬಾರದು, ರೆಕಾರ್ಡ್ ಮಾಡಿದ್ದನ್ನು ಹಾಗೇ ಕೇಳಬೇಕು ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಕಿವಿಯ ಮಾತು. ಮಗನ ವಾದ ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಸ್ಟುಡಿಯೋದಲ್ಲಿ ಹಾಡನ್ನು ಹದ ಮಾಡುವವರು ಸಾಮಾನ್ಯವಾಗಿ 75ರಿಂದ 85 ಡೆಸಿಬಲ್‌ನಲ್ಲಿ ಕೇಳಿ ಬೇಸು, ಟ್ರೆಬಲ್ಲು ಸರಿಮಾಡುತ್ತಾರೆ. ನೀವೂ ಅಷ್ಟೇ ಜೋರಾಗಿ ಕೇಳಿದರೆ ಹಾಗೇ ಕೇಳಬೇಕು, ಬಟನ್ ಬೇಡ. ನೀವು 50, 55ರಲ್ಲಿ ಕೇಳೋದಾದರೆ ಹಾಗೇ ಅನ್ನೋದು ಅಲ್ಲಿಗೇ ಮುಗಿಯಿತು, ಕಿವಿ ಆಗಲೇ ಅದನ್ನು ತಿದ್ದಿಬಿಟ್ಟಿದೆ. ಲೌಡ್‌ನೆಸ್ ಅದನ್ನು ವಾಪಸ್ ತಿದ್ದುತ್ತದೆ, ಅಷ್ಟೇ.

ಹಳೇ ಬಟನ್ನಿನ ದೋಷ ಬೇರೆ. ಅದಕ್ಕೆ ನಿಮ್ಮ ಬಾಕ್ಸ್ ಎಷ್ಟು ಜೋರು, ನೀವು ಎಷ್ಟು ದೂರ ಕೂತಿದ್ದೀರಿ ಒಂದೂ ಗೊತ್ತಿಲ್ಲ, ಒಂದು ಲೆಕ್ಕ ಹಾಕಿಕೊಂಡು ಬೇಸ್ ಸುರಿಯುತ್ತದೆ. ಹದ ಸಿಕ್ಕಿದರೆ ಅಮೃತ, ಇಲ್ಲದಿದ್ದರೆ ಡಬಡಬ. ಯಮಾಹಾದವರ ಎ-ಎಸ್301, ಎ-ಎಸ್501 ಥರದ ಆಂಪ್‌ಗಳಲ್ಲಿ ಬಟನ್ ಬದಲು ತಿರುಗಿಸೋ ಲೌಡ್‌ನೆಸ್ ಇದೆ. ಮೊದಲು ಅದನ್ನು ಫ್ಲಾಟ್‌ಗೆ ಇಟ್ಟು, ನೀವು ಯಾವತ್ತಾದರೂ ಕೇಳೋ ಅತಿ ಜೋರಿಗೆ ದೊಡ್ಡ ವಾಲ್ಯೂಮ್ ಇಡಬೇಕು. ಆಮೇಲೆ ವಾಲ್ಯೂಮ್ ಮುಟ್ಟದೆ ಲೌಡ್‌ನೆಸ್ ತಿರುಪಿನಿಂದಲೇ ಸದ್ದು ಇಳಿಸಬೇಕು. ಇಳಿಸಿದಂತೆ ನಡುವಿನ ಸ್ವರಗಳು ಜಾಸ್ತಿ ಇಳಿಯುತ್ತವೆ, ಬೇಸ್ ಕಡಿಮೆ ಇಳಿಯುತ್ತದೆ. ಎಷ್ಟೋ ಮಂದಿ ಇದು ಗೊತ್ತಿಲ್ಲದೆ ಅದನ್ನು ಇನ್ನೊಂದು ಬೇಸ್ ತಿರುಪು ಅಂದುಕೊಂಡು ಉಲ್ಟಾ ಉಪಯೋಗಿಸಿ, ಕೆಟ್ಟದಾಗಿದೆ ಅಂತಾರೆ. ಡೆನಾನ್, ಮರಾಂಟ್ಜ್ ಹೋಂ ಥಿಯೇಟರ್ ರಿಸೀವರ್‌ಗಳಲ್ಲಿ ಆಡಿಸಿ (Audyssey) ಅನ್ನೋ ವ್ಯವಸ್ಥೆ ಇದ್ದರೆ ಅದರ ಡೈನಾಮಿಕ್ ಇಕ್ಯೂ ಅನ್ನೋದು ಇದೇ ಕೆಲಸವನ್ನು ಕೋಣೆ ಅಳೆದು ಮಾಡುತ್ತದೆ.

ಏನೂ ಕೊಳ್ಳೋದು ಬೇಡ ಅನ್ನಿಸಿದರೆ ಫೋನಿನ ಈಕ್ವಲೈಸರ್ ಇದೆಯಲ್ಲ. ಕೆಳಗಿನ ಎರಡು ಕಡ್ಡಿ ಐದಾರು ಡೆಸಿಬಲ್ ಮೇಲೆ, ಕೊನೆಯದು ಎರಡು ಮೇಲೆ, ನಡುವೆ ಮುಟ್ಟಬೇಡಿ. ರಾತ್ರಿ ಅಂತ ಹೆಸರು ಕೊಟ್ಟು ಉಳಿಸಿಕೊಳ್ಳಿ. ಹಗಲು ಜೋರಾಗಿ ಹಾಕುವಾಗ ತೆಗೆಯೋದು ಮರೆಯಬೇಡಿ, ಮರೆತರೆ ಮಗ ಗೆದ್ದ.

ಅಂದ ಹಾಗೆ ಪಿ.ಬಿ. ಶ್ರೀನಿವಾಸ್ ಅವರ ಕಾಲದ ಹಳೇ ಸಿನಿಮಾ ಹಾಡುಗಳಿಗೆ ಈ ಸೌಭಾಗ್ಯ ಅಷ್ಟಾಗಿ ಬೇಡ. ಆ ಕಾಲದ ರೆಕಾರ್ಡಿಂಗ್‌ಗಳಲ್ಲಿ ಆಳದ ಬೇಸ್ ಮೊದಲೇ ಕಡಿಮೆ, ದನಿಯೇ ಮುಂದೆ. ಮೆಲ್ಲಗೆ ಕೇಳಿದರೂ ಅವು ಸಪ್ಪೆ ಆಗದಿರೋಕೆ ಅದೂ ಒಂದು ಕಾರಣ. ಹೊಸ ಹಾಡುಗಳ ಅರ್ಧ ಜೀವ ಬೇಸಿನಲ್ಲಿ ಇರುತ್ತದೆ, ಅದು ಹೋದರೆ ಉಳಿಯೋದು ಚಿಟಿಕೆ ಸದ್ದು.

ಪ್ರಶ್ನೆ: ಚಳ್ಳಕೆರೆಯವನು ಸಾರ್. ಮೆಲ್ಲಗೆ ಚೆನ್ನಾಗಿ ಕೇಳಬೇಕಾದರೆ ದೊಡ್ಡ ವಾಟ್ ಇರಬೇಕು, ಆಗ ಯಂತ್ರಕ್ಕೆ ತ್ರಾಸಾಗದೆ ಸದ್ದು ಸಲೀಸಾಗಿ ಬರುತ್ತದೆ ಅಂತ ಅಂಗಡಿಯವರು 5000 ವಾಟ್‌ನ ಸೆಟ್ ತೋರಿಸುತ್ತಿದ್ದಾರೆ. ನಿಜಾನಾ?

ಉತ್ತರ: ತಮ್ಮಾ, ಲೆಕ್ಕ ಹಾಕೋಣ ಬಾ. ಸಾಧಾರಣ ಬಾಕ್ಸ್ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಕೊಡುತ್ತದೆ. ಎರಡು ಮೀಟರ್ ಹಿಂದೆ ಕೂತರೆ 81 ಅನ್ನು. ನೀನು ರಾತ್ರಿ ಕೇಳೋದು 60ರ ಆಸುಪಾಸು. 20 ಡೆಸಿಬಲ್ ಕಡಿಮೆ ಅಂದರೆ ವಾಟ್ ನೂರರಲ್ಲಿ ಒಂದು ಪಾಲು. ಅಂದರೆ ನಿನ್ನ ರಾತ್ರಿಯ ಕಛೇರಿ ಇಡೀ ನಡೆಯೋದು ಒಂದು ವಾಟ್‌ನ ನೂರನೇ ಭಾಗದಲ್ಲಿ. ಡೋಲು ಗಟ್ಟಿಯಾಗಿ ಬಿದ್ದ ಕ್ಷಣಕ್ಕೆ ಒಂದು ವಾಟ್ ಆದೀತು. ಉಳಿದ 4999 ವಾಟ್ ಏನು ಮಾಡುತ್ತದೆ, ಮಂಡಕ್ಕಿ ಹುರಿಯುತ್ತದಾ?

ಆ 5000 ಪಿಎಂಪಿಒ ಇರಬೇಕು, ಅಂದರೆ ಮಾರಾಟಕ್ಕೆ ಉಬ್ಬಿಸಿ ಬರೆದ ಲೆಕ್ಕ. ಆರ್‌ಎಂಎಸ್, ಅಂದರೆ ಬಿಡದೆ ಕೊಡೋ ನಿಜವಾದ ವಾಟ್, ಎಷ್ಟು ಅಂತ ಕೇಳು, ಮುಖ ನೋಡು. ನಾನೂ ಕಾಲೇಜಿನಲ್ಲಿದ್ದಾಗ ಮೋಸ ಹೋದವನೇ. ಒಂದು ಅಂಗಡಿಯಲ್ಲಿ ಸಾವಿರ ವಾಟ್ ಅಂತ ಹೊಳೆಯೋ ಅಕ್ಷರದ ಡೆಕ್ ತಂದೆ. ಮನೆಗೆ ಬಂದು ಬಿಚ್ಚಿದರೆ ಒಳಗಿದ್ದ ಟ್ರಾನ್ಸ್‌ಫಾರ್ಮರ್ ನಿಂಬೆಹಣ್ಣಿನಷ್ಟು. ಗೋಡೆಯ ಪ್ಲಗ್ಗಿನಿಂದ ಅದು ಎಳೆದುಕೊಳ್ಳೋದೇ 30 ವಾಟ್ ಅಂತ ಹಿಂದೆ ಅವರೇ ಬರೆದಿದ್ದರು, ಸಣ್ಣ ಅಕ್ಷರದಲ್ಲಿ. ಸಾವಿರ ಎಲ್ಲಿಂದ ಬರಬೇಕು?

ದೊಡ್ಡ ಆಂಪಿಗೆ ಇನ್ನೊಂದು ಕಾಟ ಇದೆ. ಫೋನೋ ಟಿವಿಯೋ ಜೋಡಿಸಿದರೆ ವಾಲ್ಯೂಮ್ ತಿರುಪು ಗಡಿಯಾರದ ಎಂಟು ಗಂಟೆ ದಾಟೋ ಮೊದಲೇ ಜೋರಾಗಿಬಿಡುತ್ತದೆ. ಸಾಮಾನ್ಯ ಗುಣಮಟ್ಟದ ತಿರುಪಿನಲ್ಲಿ ಆ ಶುರುವಿನ ಭಾಗದಲ್ಲಿ ಎಡ ಬಲ ಸಮ ಇರೋದಿಲ್ಲ, ಹಾಡು ಒಂದೇ ಕಡೆ ವಾಲುತ್ತದೆ. ಜನ ಬಾಕ್ಸ್ ಹಾಳಾಯ್ತು ಅಂತ ರಿಪೇರಿಗೆ ತರುತ್ತಾರೆ. ಔಷಧಿ ಏನೂ ಇಲ್ಲ, ಫೋನಿನ ವಾಲ್ಯೂಮ್ ಸ್ವಲ್ಪ ಇಳಿಸಿ ಆಂಪಿನ ತಿರುಪನ್ನು ಹತ್ತು ಗಂಟೆಗೆ ತಂದರೆ ಸಾಕು. ನಿನಗೆ 20, 30 ವಾಟ್ ಆರ್‌ಎಂಎಸ್ ಧಾರಾಳ.

ಪ್ರಶ್ನೆ: ಎಂಸಿಸಿ ಬಿ ಬ್ಲಾಕಿನಲ್ಲಿ ಮೇಲಿನ ಮನೆ ಬಾಡಿಗೆಗೆ ಇದ್ದೇವೆ. ಕೆಳಗೆ ಓನರ್. ನಾವು ಸದ್ದು ತುಂಬಾ ಕಡಿಮೆ ಇಟ್ಟರೂ ಸಬ್ ವೂಫರ್ ದಂ ದಂ ಅನ್ನುತ್ತದೆ ಅಂತ ಓನರ್ ಆಂಟಿ ಪೊರಕೆ ಹಿಡಿಯಲ್ಲಿ ಸೀಲಿಂಗ್ ಕುಟ್ಟುತ್ತಾರೆ. ಸಬ್ ತೆಗೆದರೆ ನಮಗೆ ಸಪ್ಪೆ. ದಾರಿ ಇದೆಯಾ?

ಉತ್ತರ: ಆಂಟಿ ಹೇಳೋದು ನಿಜ. ಟ್ರೆಬಲ್ ಬಾಗಿಲಿಗೆ ಬಡಿದು ಅಲ್ಲೇ ನಿಲ್ಲುತ್ತದೆ, ಬೇಸ್ ಆರ್‌ಸಿಸಿ ಹಿಡಿದು ಇಳಿಯುತ್ತದೆ. ಎಷ್ಟೋ ಸಲ ಕೆಳಗಿನವರಿಗೆ ಹಾಡು ಕೇಳೋದಿಲ್ಲ, ಬರೀ ಗುದ್ದು ಕೇಳುತ್ತದೆ. ಹಾಡಾದರೂ ಕೇಳಿದ್ದರೆ ತಾಳ್ಮೆ ಇರುತ್ತಿತ್ತೇನೋ.

ಸಬ್ಬನ್ನು ನೇರ ನೆಲದ ಮೇಲೆ ಇಡಬೇಡಿ. ಗಟ್ಟಿ ಫೋಮಿನ ತುಂಡು, ಅದರ ಮೇಲೆ ಒಂದು ಕಡಪ ಕಲ್ಲು, ಅದರ ಮೇಲೆ ಸಬ್. ಮೂಲೆಯಿಂದ ಈಚೆಗೆ ಎಳೆಯಿರಿ. ಮೂಲೆಯಲ್ಲಿ ಬೇಸ್ ಮನೆಗೆಲ್ಲ ಹಬ್ಬುತ್ತದೆ. ಅದನ್ನು ನೀವು ಕೂರೋ ಕುರ್ಚಿಯ ಪಕ್ಕಕ್ಕೇ, ಎರಡು ಅಡಿ ದೂರಕ್ಕೆ ತಂದುಬಿಡಿ, ಆಮೇಲೆ ಅದರ ಲೆವೆಲ್ ಇಳಿಸಿ. ನಿಮಗೆ ಮೊದಲಿನಷ್ಟೇ ಸಿಗುತ್ತದೆ, ಆಂಟಿಗೆ ಕಾಲು ಪಾಲು. ನೋಡೋಕೆ ಚೆನ್ನಾಗಿರೋದಿಲ್ಲ, ಮೇಲೊಂದು ಬಟ್ಟೆ ಹಾಸಿ ಕಾಫಿ ಲೋಟ ಇಡೋ ಸ್ಟೂಲ್ ಅನ್ನಿ. ಲೋಟ ಮಾತ್ರ ಇಡಬೇಡಿ.

ಮುಂದೆ ಹೊಸದು ಕೊಳ್ಳೋದಾದರೆ ತೂತಿಲ್ಲದ, ಮುಚ್ಚಿದ ಪೆಟ್ಟಿಗೆಯ ಸಬ್ ನೋಡಿ. ಅದರ ಬೇಸ್ ತೀರಾ ಕೆಳಗೆ ನಿಧಾನವಾಗಿ ಇಳಿಯುತ್ತದೆ, ಸಣ್ಣ ಕೋಣೆಗೆ ಚೆನ್ನಾಗಿ ಹೊಂದುತ್ತದೆ. ಇನ್ನು ಕಾನೂನು ಕೇಳಿದರೆ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಅಂತಿದೆ. ಅದನ್ನು ಓನರ್ ಎದುರು ಹೇಳೋಕೆ ಹೋಗಬೇಡಿ, ಬಾಡಿಗೆ ಮನೆ. ಒಂದು ಸಂಜೆ ಆಂಟಿಯನ್ನು ಮೇಲೆ ಕರೆದು ಅವರಿಷ್ಟದ ಹಾಡು ಹಾಕಿ. ನಿಮ್ಮಲ್ಲೊಬ್ಬರು ಕೆಳಗೆ ನಿಂತು ಕೇಳಿ, ಎಲ್ಲಿಗೆ ತಿರುಪು ಬಂದರೆ ಗುದ್ದು ನಿಲ್ಲುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ.

ಪ್ರಶ್ನೆ: ಗೃಹಿಣಿ, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ. ರಾತ್ರಿ ಟಿವಿಯಲ್ಲಿ ಮಾತು ಕೇಳಲಿ ಅಂತ ಸದ್ದು ಏರಿಸಿದರೆ ಮರುಕ್ಷಣವೇ ಹೊಡೆದಾಟ, ಮಗು ಎದ್ದುಬಿಡುತ್ತದೆ. ಇಳಿಸಿದರೆ ಮಾತು ಗೊಣಗೊಣ. ರಿಮೋಟ್ ಕೈಯಿಂದ ಇಳಿಯೋದಿಲ್ಲ.

ಉತ್ತರ: ಅಕ್ಕಾ, ತೆಳ್ಳನೆ ಟಿವಿಗಳಲ್ಲಿ ಸ್ಪೀಕರ್ ಕೆಳಮುಖವಾಗಿಯೋ ಹಿಂದಕ್ಕೋ ಇರುತ್ತದೆ, ಮಾತು ಮೊದಲು ಗೋಡೆಗೆ, ಆಮೇಲೆ ನಿಮಗೆ. ಮೊದಲು ಖರ್ಚಿಲ್ಲದ್ದು ಮಾಡಿ. ಸೆಟ್ಟಿಂಗ್ಸ್‌ನ ಸೌಂಡ್‌ಗೆ ಹೋಗಿ ಸರೌಂಡ್ ಅನ್ನೋದನ್ನೆಲ್ಲ ಆರಿಸಿ, ನೈಟ್ ಮೋಡ್ ಇಲ್ಲವೇ ಆಟೋ ವಾಲ್ಯೂಮ್ ಥರದ್ದು ಹಾಕಿ. ಅದು ಹೊಡೆದಾಟವನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಹಾಡಿಗೆ ಇದು ಕೆಟ್ಟದ್ದು, ರಾತ್ರಿ ಸಿನಿಮಾಕ್ಕೆ ವರ. ಸಾಲದಿದ್ದರೆ ನಡುವಿನ ಚಾನೆಲ್ ಬೇರೆ ಇರೋ ಸೌಂಡ್‌ಬಾರ್, ಅಂದರೆ 3.1 ಅಂತ ಬರೆದಿರೋದು. 2.1ರಲ್ಲಿ ಮಾತನ್ನು ಮಾತ್ರ ಏರಿಸೋದು ಕಷ್ಟ. ಅದನ್ನು ಟಿವಿ ಸ್ಟ್ಯಾಂಡಿನ ಒಳಗೆ ತುರುಕಬೇಡಿ, ಅಂಚಿಗೆ ಎಳೆದು ಇಡಿ.

ಪ್ರಶ್ನೆ: ಅಡುಗೆ ಮನೆಗೆ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಸಾಕಾ, ಇಲ್ಲಾ ಜೋಡಿ ಬೇಕಾ? ಮೆಲ್ಲಗೆ ವಚನ ಕೇಳಿಕೊಂಡು ರೊಟ್ಟಿ ಮಾಡೋ ಅಭ್ಯಾಸ. (ದಾವಣಗೆರೆ, ನಿಟುವಳ್ಳಿ)

ಉತ್ತರ: ಒಂದೇ ಸಾಕಮ್ಮಾ. ರೊಟ್ಟಿ ಬಡಿಯುವಾಗ ಎಡ ಬಲ ಯಾರು ನೋಡುತ್ತಾರೆ. ಈ ಸಣ್ಣ ಡಬ್ಬಿಗಳಲ್ಲಿ ಎಷ್ಟೋ ಕಂಪನಿಗಳು ಸದ್ದು ಕಡಿಮೆ ಇದ್ದಾಗ ಬೇಸ್ ತಾನಾಗಿ ಏರೋ ಹಾಗೆ ಒಳಗೇ ವ್ಯವಸ್ಥೆ ಮಾಡಿರುತ್ತವೆ, ಅದಕ್ಕೇ ಮೆಲ್ಲಗೆ ಇಟ್ಟಾಗ ಅವು ತಮ್ಮ ಗಾತ್ರಕ್ಕಿಂತ ದೊಡ್ಡದಾಗಿ ಕೇಳುತ್ತವೆ. ಗೋಡೆಗೆ ಒತ್ತಿ, ಎದೆಮಟ್ಟದ ಗೂಡಿನಲ್ಲಿ ಇಡಿ, ಒಲೆಯಿಂದ ದೂರ. ಮೇಷ್ಟ್ರ ಅಪ್ಪನ ರೇಡಿಯೋ ಇದ್ದ ಜಾಗ.

ಪ್ರಶ್ನೆ: ವಾಲ್ವ್ ಆಂಪ್ ತಗೊಂಡರೆ ಮೆಲ್ಲಗಿನ ಸದ್ದು ಚೆನ್ನಾಗಿರುತ್ತದಂತೆ?

ಉತ್ತರ: ಚೆಂದ ಇರುತ್ತದೆ, ಕೆಂಪಗೆ ಉರಿಯೋದು ನೋಡೋಕೂ ಖುಷಿ. ಆದರೆ ಕಿವಿಯ ಬೇಸ್ ಕಳವನ್ನು ವಾಲ್ವ್ ತಡೆಯೋದಿಲ್ಲ, ತಡೆಯೋದು ವಾಲ್ಯೂಮ್ ಕಂಟ್ರೋಲಿನ ಆ ನಾಲ್ಕನೇ ಕಾಲು. ಹಳೇ ರೇಡಿಯೋ ಕೇಳಿದವರು ಹೆಚ್ಚಾಗಿ ಎರಡನ್ನೂ ಕಲಸಿಕೊಂಡಿರುತ್ತಾರೆ. ಬೇಸಿಗೆಯಲ್ಲಿ ಕೋಣೆಗೆ ಇನ್ನೊಂದು ಒಲೆ ಬೇಡ ಅನ್ನಿಸಿದರೆ ಬಿಡಿ.

ಪ್ರಶ್ನೆ: ಸ್ಪೀಕರ್ ವಯರ್ ದುಬಾರಿಯದ್ದು ಹಾಕಿದರೆ?

ಉತ್ತರ: ಒಂದೂವರೆ ಸ್ಕ್ವೇರ್ ಎಂಎಂನ ತಾಮ್ರದ ವಯರ್, ಮೀಟರ್ ಲೆಕ್ಕದಲ್ಲಿ ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಪ್ಲಸ್ ಮೈನಸ್ ಎರಡೂ ಬಾಕ್ಸಿಗೆ ಒಂದೇ ಥರ ಜೋಡಿಸಿ. ಒಂದು ಉಲ್ಟಾ ಆದರೆ ಬೇಸ್ ಒಂದಕ್ಕೊಂದು ಹೊಡೆದುಕೊಂಡು ಸಾಯುತ್ತದೆ. ಮೇಷ್ಟ್ರೇ, ನೀವೂ ಇದನ್ನೊಂದು ಸಲ ನೋಡಿಬಿಡಿ. ಮಗ ಜೋಡಿಸಿ ಹೋಗಿ ಎರಡು ವರ್ಷ ಆಯ್ತು ಅಂದಿರಿ.